ಮೂಸದೆ ಬೆಳೆಸಿದ ಗುಲಾಬಿ

ಮಣ್ಣಿಗೆ ಗಂಧವನ್ನು ಕೊಟ್ಟು, ಆ ಗಂಧವನ್ನು ಮನೆಮನೆಗೆ ಹೊತ್ತು ತಿರುಗುವ ಕೆಲಸವನ್ನು ಗಾಳಿಗೆ ವಹಿಸಿ, ಅದನ್ನು ಬರಮಾಡಿಕೊಳ್ಳಲೆಂದು ಮನುಷ್ಯನ ಮುಖದ ನಡುವೆ ಒಂದು ಬಾಗಿಲನ್ನು ತೆರೆದಿಟ್ಟ ಜಗನ್ಮಾತೆಗೆ ಮೊದಲ ನಮಸ್ಕಾರ. ಹುಟ್ಟಿದೂರಿನಿಂದ ಇಷ್ಟು ದೂರ ಬಂದವನಿಗೂ ತನ್ನ ಮೆಕ್ಕಲು ಮಣ್ಣಿನಲ್ಲಿ ಒಂದು ಹೂವಿನ ಗಿಡ ನೆಡುವಷ್ಟು ಜಾಗವನ್ನು ಕರುಣಿಸಿದ ಗಂಗೆಗೆ ನಮಸ್ಕಾರ. ಬೆಳಿಗ್ಗೆ ಏಳಲು ಶಕ್ತಿ ಕೊಡುವ ದೈವಕ್ಕೂ, ಎದ್ದವನಿಗೆ ಕಾಫಿ ಕೊಡುವ ಪತ್ನಿಗೂ ನಮಸ್ಕಾರ. ಪೂಜೆಗೆ ಮೊದಲು ಕಾಫಿ ಸಲ್ಲುತ್ತದೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಕಾಫಿಯು ಔಷಧವೆಂಬುದು ನಮ್ಮ ಮನೆತನದ ಸಿದ್ಧಾಂತ. ಆ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ.

ಇಂದು ಮಡಿಪಂಚೆಯನ್ನು ಒಣಹಾಕುವಾಗ ಅದರ ಅಂಚಿನಲ್ಲಿ ಗುಲಾಬಿಯ ಮುಳ್ಳೊಂದು ಸಿಕ್ಕಿತು. ಕೊಕ್ಕೆಯಂತೆ ಬಾಗಿದ, ತುದಿಯಲ್ಲಿ ಕೆಂಪಾದ ಸಣ್ಣ ಮುಳ್ಳು. ಎರಡು ಬಾರಿ ಒಗೆದರೂ ಬಿಡದೆ ನೂಲಿಗೆ ಅಂಟಿಕೊಂಡಿತ್ತು. ಕೀಳಲು ಹೋದವನು ಕೀಳುವುದನ್ನು ಬಿಟ್ಟು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ವಯಸ್ಸಾದವರು ಕೆಲಸದ ನಡುವೆ ಹೀಗೆ ಕುಳಿತರೆ ಮನೆಯವರು ಮಂಡಿನೋವೆಂದು ತಿಳಿಯುತ್ತಾರೆ. ಹಲವು ಸಲ ಅದು ನೆನಪು. ಕೆಲವು ಸಲ ಮಂಡಿನೋವೂ ಹೌದು.

ಹೂವಿನ ವಿಷಯದಲ್ಲಿ ನನಗೆ ಸಿಕ್ಕ ಶಿಕ್ಷಣ ಬಹಳ ಕಟ್ಟುನಿಟ್ಟಿನದು. ನಂಜನಗೂಡಿನಲ್ಲಿ ಕಪಿಲೆಯ ದಂಡೆಯ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಬೆಳಗಿನ ಹೂವು ಬಿಡಿಸುವ ಸರದಿ ನಮ್ಮದಾಗಿರುತ್ತಿತ್ತು. ಮೂಸಿದ ಹೂವು ದೇವರಿಗೆ ಸಲ್ಲದು. ಇದನ್ನು ನಮ್ಮ ಗುರುಗಳು ಬಾಯಲ್ಲಿ ಹೇಳಿ ಬಿಡಲಿಲ್ಲ, ಮೈಗೆ ಕಲಿಸಿದರು. ಬಲಗೈಯಲ್ಲಿ ಬಿಡಿಸುವುದು, ಮುಖವನ್ನು ಎಡಕ್ಕೆ ತಿರುಗಿಸುವುದು, ಹೂವು ಬುಟ್ಟಿಗೆ ಬೀಳುವವರೆಗೆ ಉಸಿರು ಹಿಡಿಯುವುದು. ಒಮ್ಮೆ ನನಗೆ ನೆಗಡಿ ಹಿಡಿದಿದ್ದಾಗ ತುಂಬಿದ ಬುಟ್ಟಿಯ ಮೇಲೆ ಸೀನು ಬಂತು. ಗುರುಗಳು ಬುಟ್ಟಿಯನ್ನು ಹೊಳೆಗೆ ಸುರಿಸಿ, "ಸೀನಿದ್ದಕ್ಕೆ ಬೇಸರವಿಲ್ಲ. ಸೀನುವ ಮೊದಲು ಎಷ್ಟು ಉಸಿರು ಎಳೆದೆ, ಅದನ್ನು ಹೇಳು" ಎಂದರು. ಸೀನುವವನು ಮೊದಲು ದೀರ್ಘವಾಗಿ ಉಸಿರು ಎಳೆಯಲೇಬೇಕಷ್ಟೆ. 

ಮುಂದೆ ಪಾಠಶಾಲೆ ಬಿಟ್ಟು, ಕೇಂದ್ರ ಸರ್ಕಾರದ ಕಚೇರಿಯೊಂದನ್ನು ಸೇರಿ, ಕಲ್ಕತ್ತೆಗೆ ವರ್ಗವಾಗಿ ಬಂದೆ. ಊರು ಕೋಲ್ಕತ್ತವಾದರೂ ನಾನು ಕದಲಲಿಲ್ಲ. ಗರಿಯಾಹಾಟಿನ ಗದ್ದಲಕ್ಕೆ ಬೆನ್ನು ಹಾಕಿದ ಒಂದು ಗಲ್ಲಿಯಲ್ಲಿ ಹಳೆಯ ಮನೆಯ ಕೆಳಭಾಗವನ್ನು ನಿವೃತ್ತಿಗೆ ಮುಂಚೆ ನಮ್ಮದಾಗಿಸಿಕೊಂಡೆವು. ಅದಕ್ಕೆ ಅಂಟಿಕೊಂಡಂತೆ ಪಂಚೆಯೊಂದನ್ನು ಉದ್ದಕ್ಕೆ ಹಾಸಿದಷ್ಟು ಜಾಗ. ಅದನ್ನೇ ನಾವು ತೋಟ ಎನ್ನುತ್ತೇವೆ. ಒಂದು ಬದಿಗೆ ನೆರೆಮನೆಯ ಗೋಡೆ, ಇನ್ನೊಂದು ಬದಿಗೆ ನಮ್ಮ ಅಡುಗೆಮನೆಯ ಕಿಟಕಿ. ಅಲ್ಲಿ ನಾನು ಒಂದು ಕೆಂಪು ಬಳ್ಳಿಗುಲಾಬಿಯನ್ನು ನೆಟ್ಟೆ. ನೆಡುವಾಗ ಶಾಸ್ತ್ರೋಕ್ತವಾಗಿ ಸಂಕಲ್ಪ ಮಾಡಿ, ಈ ಗಿಡದಲ್ಲಿ ಅರಳುವ ಸಮಸ್ತ ಪುಷ್ಪಗಳೂ ನಮ್ಮ ಮನೆಯ ರಾಜರಾಜೇಶ್ವರಿಗೆ ಎಂದು ನೀರು ಬಿಟ್ಟೆ. ಸಮಸ್ತ ಎಂಬುದು ಉಚ್ಚರಿಸಲು ಬಹಳ ತೃಪ್ತಿ ಕೊಡುವ ಪದ.

ಎರಡು ಚಳಿಗಾಲ ದೇವಿಯ ಪಾಲಿಗೆ ಸಮಸ್ತವೂ ಸೊನ್ನೆಯಾಗಿಯೇ ಇತ್ತು. ನಾನು ಆ ಗಿಡದ ಕಾಂಡಗಳನ್ನು ಬಿದಿರಿಗೆ ಕಟ್ಟಿ ದೀಪಸ್ತಂಭದಂತೆ ನೆಟ್ಟಗೆ ನಿಲ್ಲಿಸಿದ್ದೆ. ಅದು ಮಾಡಿನವರೆಗೆ ಏರಿ, ತುತ್ತತುದಿಯಲ್ಲಿ, ಕಾಗೆಗೆ ಮಾತ್ರ ಕಾಣುವಂತೆ, ಒಂದೋ ಎರಡೋ ಹೂವು ಬಿಡುತ್ತಿತ್ತು. ಗೋಡೆಯಾಚೆಯ ಮಿನುದಿ ಒಂದು ದಿನ ಇಣುಕಿ ನೋಡಿದರು. ಮಿನುದಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನನ್ನನ್ನು ದಾದಾ ಎಂದೂ, ನನ್ನ ಪತ್ನಿ ಪದ್ಮಾವತಿಯನ್ನು ಬೌದಿ, ಎಂದರೆ ಅತ್ತಿಗೆ, ಎಂದೂ ಕರೆಯುತ್ತಾರೆ. ನಮ್ಮ ಸಂಭಾಷಣೆ ಬಂಗಾಳಿ, ಹಿಂದಿ ಕಲಸಿದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಾದಾ, ಗಿಡಕ್ಕೇಕೆ ಶಿಕ್ಷೆ? ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದೀರಿ."

"ಬಳ್ಳಿ ಅಲ್ಲವೇ, ಏರಬೇಕು."

"ಏರಿದರೆ ತಲೆಯಲ್ಲಿ ಮಾತ್ರ ಹೂವು. ಅಡ್ಡಡ್ಡ ಮಲಗಿಸಿ ಕಟ್ಟಿ. ಗೆಣ್ಣುಗೆಣ್ಣಿಗೆ ಚಿಗುರುತ್ತೆ. ನನ್ನ ಅಪ್ಪ ಹಾಗೇ ಮಾಡ್ತಿದ್ದರು."

ಬಿದಿರನ್ನು ಬಿಚ್ಚಿ, ಕಾಂಡಗಳನ್ನು ನಿಧಾನವಾಗಿ ಬಾಗಿಸಿ, ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಸೆಣಬಿನ ಹುರಿಯಿಂದ ಅಡ್ಡಡ್ಡಲಾಗಿ ಕಟ್ಟಿದೆ. ಆ ಚಳಿಗಾಲ ಗಿಡವು ಗೋಡೆಯನ್ನೇ ಕಾಣದಂತೆ ಮಾಡಿತು. ಕುಂಕುಮಕ್ಕಿಂತ ಗಾಢವಾದ, ಅರಳಿದಂತೆ ಮಖಮಲ್ಲಿನ ಹಾಗೆ ಮಡಿಕೆ ಬಿಚ್ಚುವ ಹೂವುಗಳು. ಪರಿಮಳವಂತೂ ಗಲ್ಲಿಯ ತಿರುವಿನವರೆಗೂ ಹೋಗುತ್ತಿತ್ತು ಎಂದು ಕೇಳಿಬಲ್ಲೆ. ಕೇಳಿಬಲ್ಲೆ ಎಂದೇ ಬರೆಯಬೇಕು. ಆ ಗಿಡಕ್ಕೆ ಸಾಸಿವೆಹಿಂಡಿ ಕೊಳೆಸಿ ಹಾಕಿದವನು ನಾನು, ಹುಳು ಆರಿಸಿದವನು ನಾನು, ಮೈಯೆಲ್ಲ ಗೀರಿಸಿಕೊಂಡವನು ನಾನು, ಆದರೆ ಮೂಸಿದವನಲ್ಲ. ಬೆಳಿಗ್ಗೆ ಮುಖ ತಿರುಗಿಸಿ, ಉಸಿರು ಹಿಡಿದು, ಹೂವು ಬಿಡಿಸುವ ನನ್ನನ್ನು ನೋಡಿ ಮಿನುದಿ, "ಹೂವಿಗೆ ನಿಮ್ಮ ಮೇಲೆ ಕೋಪ ಬರದೇ ಇರುತ್ತಾ ದಾದಾ? ಮೀನಂಗಡಿ ದಾಟುವ ಹಾಗೆ ದಾಟ್ತೀರಿ" ಎನ್ನುತ್ತಿದ್ದರು. ಆ ಪರಿಮಳವನ್ನು ನಿಜವಾಗಿ ಉಂಡವಳು ಪದ್ಮ. ಅಡುಗೆಮನೆಯ ಕಿಟಕಿಯಿಂದ ಅದು ತಾನಾಗಿ ಒಳಗೆ ಬರುತ್ತಿತ್ತು. ಬಯಸಿ ಮೂಸುವುದು ಬೇರೆ, ಗಾಳಿ ತಂದುಕೊಟ್ಟದ್ದು ಬೇರೆ, ಎರಡನೆಯದಕ್ಕೆ ದೋಷವಿಲ್ಲ. ನನಗೆ ಆ ಭಾಗ್ಯವೂ ಇರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಅಡುಗೆಮನೆಗೆ ನನ್ನ ಪ್ರವೇಶ ನಿಷಿದ್ಧ. ಕಾರಣವನ್ನು ಅವಳನ್ನೇ ಕೇಳಬೇಕು.

ಹೋದ ವರ್ಷದ ಮಳೆಗಾಲದ ಕೊನೆಗೆ ಪದ್ಮಳಿಗೆ ಜ್ವರ ಬಂತು. ಜ್ವರವು ವಾರದೊಳಗೆ ಹೋಯಿತು. ಹೋಗುವಾಗ ಅವಳ ಮೂಗನ್ನು ತನ್ನ ಜೊತೆಗೆ ಕರೆದುಕೊಂಡು ಹೋಯಿತು. ಮೊದಲು ನಮಗೆ ತಿಳಿಯಲಿಲ್ಲ. ಸಾರಿನಲ್ಲಿ ಇಂಗು ಹೆಚ್ಚಾಯಿತು. ಮರುದಿನ ಇನ್ನೂ ಹೆಚ್ಚಾಯಿತು. ಮೂರನೆಯ ದಿನದ ಸಾರನ್ನು ಉಂಡು ನಾನು ಮೆಲ್ಲಗೆ, "ಇಂಗು ಸ್ವಲ್ಪ ಮುಂದಾಯಿತೇನೋ" ಎಂದೆ.

ನಮ್ಮ ದಾಂಪತ್ಯದಲ್ಲಿ ಇಂಥ ಮಾತಿಗೆ ಒಂದು ನಿಯತವಾದ ಉತ್ತರವಿದೆ. ನನ್ನ ನಾಲಿಗೆ, ನನ್ನ ತಾಯಿಯ ಅಡುಗೆ, ನನ್ನ ಊರಿನ ನೀರು, ಹೀಗೆ ಕ್ರಮವಾಗಿ ಖಂಡನೆಗೆ ಒಳಗಾಗುತ್ತವೆ. ಅಂದು ಅವಳು, "ಇರಬಹುದು" ಎಂದಳು. ಅಷ್ಟೇ.

ಅಂದಿನಿಂದ ಎಲ್ಲದಕ್ಕೂ ಅದೇ ಮಾತು. ಹಾಲು ಕೆಟ್ಟಿದೆಯೇ? ಇರಬಹುದು. ಮೊದಲ ಚಳಿಗೆ ನೊಲೆನ್ ಗುಡ, ಖರ್ಜೂರದ ರಸದ ಹೊಸ ಬೆಲ್ಲ, ಬಂದಾಗ ನಾನು ಅವಳಿಗೆಂದೇ ಅದರಿಂದ ಮಾಡುವ ಸಂದೇಶ್ ಎಂಬ ಸಿಹಿ ತಂದುಕೊಟ್ಟೆ. ವರ್ಷವಿಡೀ ಆ ಹೊಗೆವಾಸನೆಗಾಗಿ ಕಾಯುವವಳು ತಿಂದು, "ಸಿಹಿಯಾಗಿದೆ" ಎಂದಳು. ಸಕ್ಕರೆಯ ಬಗ್ಗೆ ಆಡುವ ಮಾತು ಅದು. ಕೆಳಗಿಟ್ಟ ಅರ್ಧ ತುಂಡು ಹಾಗೆಯೇ ಉಳಿಯಿತು. ಅಡುಗೆ ಮಾಡುವಾಗ ಗುನುಗುತ್ತಿದ್ದ ದೇವರನಾಮಗಳೂ ನಿಂತವು. ಪರಿಮಳವಿಲ್ಲದ ಮನೆಯಲ್ಲಿ ಅವಳು ಅತಿಥಿಯಂತೆ ಓಡಾಡುತ್ತಿದ್ದಳು. ಐದು ದಶಕ ನನ್ನೊಡನೆ ಒಂದು ಮಾತಿಗೂ ಒಪ್ಪದವಳು ಎಲ್ಲ ಮಾತಿಗೂ ಒಪ್ಪತೊಡಗಿದರೆ ಗಂಡನಿಗೆ ಹೆದರಿಕೆಯಾಗುತ್ತದೆ. ನನಗೆ ಆಯಿತು.

ನಗರದ ಇನ್ನೊಂದು ತುದಿಯಲ್ಲಿರುವ ನಮ್ಮ ಮಗಳು ಗೌರಿ ಇದನ್ನು ಫೋನಿನಲ್ಲೇ ಪತ್ತೆಮಾಡಿದಳು. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡದಲ್ಲಿ ಮೂರು ಭಾಷೆಗಳು ಬಾಡಿಗೆಗಿವೆ.

"ಅಪ್ಪ, ಅಮ್ಮ ನಿನ್ನೆ ನನ್ನ ಜೊತೆ ಒಂದ್ಸಲನೂ ಆರ್ಗ್ಯೂ ಮಾಡ್ಲಿಲ್ಲ. ಕುಛ್ ತೋ ಗಡ್‌ಬಡ್ ಹೈ. ಡಾಕ್ಟರ್ ಹತ್ರ ಹೋಗೋಣ."

ಮೂಗಿನ ವೈದ್ಯೆ ಚಿಕ್ಕ ವಯಸ್ಸಿನ ಬಂಗಾಳಿ ಹುಡುಗಿ. ಪದ್ಮಳನ್ನು ಮಾಶಿಮಾ, ಎಂದರೆ ಚಿಕ್ಕಮ್ಮ, ಎಂದು ಕರೆದು, ಮೂಗಿನೊಳಗೆ ಬೆಳಕು ಬಿಟ್ಟು ನೋಡಿದಳು. ಗುಳಿಗೆಯಿಂದಾಗುವ ಕೆಲಸವಲ್ಲ, ಅಭ್ಯಾಸ ಬೇಕು ಎಂದಳು. ಬೆಳಿಗ್ಗೆ ಸಂಜೆ ನಿಂಬೆ, ಲವಂಗ, ಗುಲಾಬಿಯಂಥ ಪರಿಚಿತವಾದ ವಾಸನೆಗಳನ್ನು ಒಂದೊಂದಾಗಿ ಮೂಸಬೇಕು. ಮೂಸುವಾಗ ಆ ವಾಸನೆ ಹಿಂದೆ ಹೇಗಿತ್ತೆಂದು ನೆನೆಯಬೇಕು. ಎಲ್ಲಕ್ಕಿಂತ ಇಷ್ಟವಾದದ್ದು ಯಾವುದೋ ಅದು ಮೊದಲು ಮರಳಿದರೂ ಮರಳಬಹುದು. "ಬಂದೇ ಬರುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಈ ಕೆಲವು ತಿಂಗಳು ಬಿಡಬಾರದು ಮಾಶಿಮಾ. ತಡವಾದಷ್ಟೂ ಕಷ್ಟ" ಎಂದಳು.

ನಿಂಬೆ, ಲವಂಗ ಮನೆಯಲ್ಲೇ ಇದ್ದವು. ಮೂಸಿದಳು, ಏನೂ ಇಲ್ಲ. ಗುಲಾಬಿಗೆ ಗೌರಿ ಒಂದು ಸೀಸೆ ಅತ್ತರು ತಂದಳು, ಅದೂ ಇಲ್ಲ. ನಾನು ಗರಿಯಾಹಾಟಿನಿಂದ ಉದ್ದ ದಂಟಿನ ಗುಲಾಬಿ ತಂದೆ. ಅಂಗಡಿಯ ಆ ಹೂವಿನಲ್ಲಿ ಒಳ್ಳೆಯ ಮೂಗಿಗೂ ಸಿಕ್ಕುವಂಥದ್ದು ಏನೂ ಇರಲಿಲ್ಲ. ಅವಳ ಮೂಗಿಗೆ ಇಷ್ಟವಾಗಿದ್ದ ಗುಲಾಬಿ ಕಿಟಕಿಯ ಆಚೆ ಗೋಡೆ ತುಂಬ ಅರಳಿ ನಿಂತಿತ್ತು. ಆದರೆ ಅದು ಸಮಸ್ತವೂ ದೇವಿಯದು.

"ಒಂದು ಕೊಂಬೆಯನ್ನು ನಿನಗೆಂದು ಬಿಟ್ಟುಬಿಡೋಣ ಪದ್ಮಾ. ಸಂಕಲ್ಪಕ್ಕೆ ಪ್ರಾಯಶ್ಚಿತ್ತ ಉಂಟು" ಎಂದೆ.

ಬೇರೆಲ್ಲಕ್ಕೂ ಒಪ್ಪುತ್ತಿದ್ದವಳು ಇದೊಂದಕ್ಕೆ ತಲೆಯಾಡಿಸಿದಳು. ದನಿ ಏರಿಸಲಿಲ್ಲ. "ಬೇಡ ರೀ. ನನ್ನ ಮೂಗಿಗೋಸ್ಕರ ಅವಳ ಹತ್ರ ಪಾಲು ಕೇಳ್ಬೇಡಿ. ಪೂಜೆ ಆದಮೇಲೆ ಪ್ರಸಾದ ಅಂತ ಕೊಡ್ತೀರಲ್ಲ, ಅದನ್ನೇ ಮೂಸ್ತೀನಿ."

ತೊಡಕು ಇದ್ದುದೇ ಅಲ್ಲಿ. ನನ್ನ ಪೂಜೆ ಅವಸರದ್ದಲ್ಲ. ಸೂರ್ಯೋದಯಕ್ಕೆ ಬಿಡಿಸಿದ ಹೂವು ನನ್ನ ಆವಾಹನೆ, ಅಭಿಷೇಕ, ಸಹಸ್ರನಾಮಗಳನ್ನೆಲ್ಲ ದಾಟಿ, ಚಂದನ, ಸಾಂಬ್ರಾಣಿ, ಕರ್ಪೂರಗಳಲ್ಲಿ ತೊಯ್ದು ಅವಳ ಕೈ ಸೇರುವ ಹೊತ್ತಿಗೆ ಬಿಸಿಲು ಅಂಗಳ ದಾಟಿರುತ್ತದೆ. ಅಷ್ಟರಲ್ಲಿ ಅದು ಗುಲಾಬಿಯ ಆಕಾರದ ಒಂದು ಊದುಬತ್ತಿ. ಅದನ್ನು ಅವಳು ದಿನವೂ ಮೂಗಿಗೆ ಹಿಡಿದು, ಕಣ್ಣಿಗೊತ್ತಿಕೊಂಡು, ಸುಮ್ಮನೆ ಮುಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮಾಘಮಾಸ ಬಂದಿತ್ತು. ಇನ್ನು ಸ್ವಲ್ಪ ದಿನಗಳಲ್ಲಿ ಬಿಸಿಲೇರಿ ಹೂವಿನ ಕಾಲವೇ ಮುಗಿಯುತ್ತಿತ್ತು. ವೈದ್ಯೆ ಹೇಳಿದ ಅವಧಿಯೂ ಅದರ ಜೊತೆಗೆ.

ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಮಿನುದಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. "ಗಿಡದಲ್ಲೇ ಒಂದು ಸಲ ಮೂಸಿಬಿಡಿ ಬೌದಿ, ಯಾರು ನೋಡ್ತಾರೆ?" ಎಂದರು.

"ಯಾರು ನೋಡ್ಬಾರದೋ ಅವಳೇ ನೋಡ್ತಾಳಲ್ಲ ಮಿನುದಿ" ಎಂದಳು ಪದ್ಮ.

ಅದೇ ಹೊತ್ತಿಗೆ ಗಲ್ಲಿಯಲ್ಲಿ ಗಂಟೆ ಬಾರಿಸುತ್ತ ಒಂದು ಸೈಕಲ್ ವ್ಯಾನ್ ಬಂತು. ಸರಸ್ವತಿ ಪೂಜೆಗೆ ತಿರುವಿನಲ್ಲಿ ಬಿದಿರಿನ ಚಪ್ಪರ ಎದ್ದಿತ್ತು. ಅಲ್ಲಿಗೆ ಮೂರ್ತಿಯನ್ನು ತರುತ್ತಿದ್ದರು. ದೇವಿಯ ಮುಖಕ್ಕೆ ಹಳೆಯ ಪತ್ರಿಕೆ ಸುತ್ತಿತ್ತು, ವೀಣೆಗೆ ಬೇರೆಯೇ ಒಂದು ಪೊಟ್ಟಣ. ಹೊಂಡ ಬಂದಾಗಲೆಲ್ಲ ಹುಡುಗರು "ಆಸ್ತೆ, ಆಸ್ತೆ, ಮೆಲ್ಲಗೆ" ಎಂದು ಆಕೆಯ ಸೊಂಟ ಹಿಡಿಯುತ್ತಿದ್ದರು.

ಮಿನುದಿ ಅದನ್ನು ಬೆರಳು ಮಾಡಿ ತೋರಿಸಿದರು. "ನೋಡಿ ದಾದಾ. ನಮ್ಮ ಮಾ ಸೈಕಲ್ ವ್ಯಾನಿನಲ್ಲಿ, ಮುಖಕ್ಕೆ ಪತ್ರಿಕೆ ಸುತ್ತಿಕೊಂಡು, ಪಾಡಾಕ್ಕೆ, ನಮ್ಮ ಓಣಿಗೆ, ಬರ್ತಾಳೆ. ಆಕೆಗೆ ಅವಮಾನ ಆಗಲಿಲ್ಲ. ನಿಮ್ಮ ಮಾ ಮೂರು ಮೆಟ್ಟಿಲು ಇಳಿದು ತೋಟಕ್ಕೆ ಬರಲಾರಳೇ? ಹೂವು ಅವಳ ಹತ್ತಿರ ಹೋಗುವಷ್ಟರಲ್ಲಿ ಮುದುಕಿ ಆಗುತ್ತೆ. ಅವಳೇ ಹೂವಿನ ಹತ್ತಿರ ಬರಲಿ."

"ಮನೆದೇವರನ್ನು ಬೀದಿಗೆ ತರುವುದೇ?" ಎಂದೆ.

"ಬೀದಿಗಲ್ಲ, ತೋಟಕ್ಕೆ. ನೀವೇ ಅದನ್ನು ತೋಟ ಅಂತೀರಿ, ನಾನಲ್ಲ."

ಸಂಜೆಯವರೆಗೆ ಯೋಚಿಸಿದೆ. ಯೋಚನೆ ನನ್ನ ವಿದ್ಯೆಯ ದಾರಿಯಲ್ಲೇ ಸಾಗಿತು. ದೇಗುಲದ ಮೂಲಮೂರ್ತಿ ಕದಲುವಂತಿಲ್ಲ. ಮನೆಯ ಮೂರ್ತಿಗೆ ಆ ಕಟ್ಟಿಲ್ಲ. ನಮ್ಮ ರಾಜರಾಜೇಶ್ವರಿ ಅಂಗೈಯಷ್ಟು ಎತ್ತರದ ಪಂಚಲೋಹದ ತಾಯಿ. ದಿನವೂ ಮಂಟಪದಿಂದ ಅಭಿಷೇಕದ ತಟ್ಟೆಗೆ ಇಳಿಯುತ್ತಾಳೆ. ತಟ್ಟೆಗೆ ಇಳಿಯುವವಳು ಆ ತಟ್ಟೆಯೊಡನೆ ಅಂಗಳಕ್ಕೂ ಇಳಿಯಬಹುದು. ಇಷ್ಟು ಸರಳವಾದ ತೀರ್ಮಾನಕ್ಕೆ ನನಗೆ ಒಂದು ಹಗಲು ಬೇಕಾಯಿತು. ಆದರೆ ತೀರ್ಮಾನವಾದ ಮೇಲೆ ನನಗೆ ಸಂಶಯ ಉಳಿಯುವುದಿಲ್ಲ; ಅದು ನನ್ನ ಸ್ವಭಾವ. ಪದ್ಮಳಿಗೆ ಹೇಳಿದೆ. ಅವಳು ಮಂಟಪದ ಕಡೆಗೆ ನೋಡಿ, "ಅವಳಿಗೆ ಚಳಿ ಆಗ್ಬಾರದು. ಶಾಲು ಹೊದಿಸಿ" ಎಂದಳು.

ಮರುದಿನ ಮಂಜು ಕರಗುವ ಹೊತ್ತಿಗೆ, ಕೆಂಪು ರೇಷ್ಮೆಯ ತುಂಡನ್ನು ಹೊದ್ದ ದೇವಿಯನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟುಕೊಂಡು ಮೂರು ಮೆಟ್ಟಿಲು ಇಳಿದೆ. ಧೂಪವಿಲ್ಲ, ಕರ್ಪೂರವಿಲ್ಲ; ಉದ್ಧರಣೆಯ ನೀರು, ಅಕ್ಷತೆ, ಒಂದು ಸಣ್ಣ ಸ್ತೋತ್ರ, ಅಷ್ಟೇ. ವಿಸ್ತಾರವಾದ ಪೂಜೆ ಆಮೇಲೆ ಒಳಗೆ ಇದ್ದೇ ಇತ್ತು. ಗಿಡ ಸೊಂಟದೆತ್ತರದಲ್ಲಿ ಅಡ್ಡಕ್ಕೆ ಹರಡಿದ್ದರಿಂದ ಹೂವನ್ನು ಕೀಳಬೇಕಾಗಿಯೂ ಇರಲಿಲ್ಲ. ತಟ್ಟೆಯನ್ನು ಕೆಳಗೆ ಹಿಡಿದು ದಂಟನ್ನು ಕೊಂಚ ಬಾಗಿಸಿದರೆ ಹೂವು ತಾನೇ ತಾಯಿಯ ಪಾದಕ್ಕೆ ತಲೆಯಿಟ್ಟಿತು. ಸರಿಯಾಗಿ ಆ ಕ್ಷಣಕ್ಕೆ "ಮಾಛ್, ಮಾಛ್" ಎಂದು ಕೂಗುತ್ತ ಮೀನಿನವನು ಬಂದ. ಪಾಠಶಾಲೆಯ ನನ್ನ ಬೆನ್ನು ಸೆಟೆಯಿತು. ಅವನು ಗೇಟಿನ ಸಂದಿಯಿಂದ ನೋಡಿ, ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದು ಕೈಯನ್ನು ಹಣೆಗೆ ಮುಟ್ಟಿಸಿ, ಕೂಗದೆ ನಮ್ಮ ಮನೆ ದಾಟಿದ. ಮಿನುದಿಯ ಮನೆಯ ಮುಂದೆ ಕೂಗನ್ನು ಮತ್ತೆ ಎತ್ತಿಕೊಂಡ. ತಾಯಿಗೆ ನನ್ನ ಸ್ತೋತ್ರವೂ ಅವನ ಕೂಗೂ ಹಿಡಿಸಿದವೆಂದೇ ನನ್ನ ನಂಬಿಕೆ.

ಅರ್ಪಿಸಿದ ಹೂವನ್ನು ಆಗಲೇ ಬಿಡಿಸಿ ಪ್ರಸಾದವೆಂದು ಪದ್ಮಳ ಕೈಗೆ ಕೊಟ್ಟೆ. ಇಬ್ಬನಿ ಇನ್ನೂ ಎಸಳಿನ ಮೇಲಿತ್ತು. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದಳು. ನಾನು ಕಾದೆ. ಗೋಡೆಯಾಚೆ ಮಿನುದಿಯ ಪೊರಕೆಯ ಸದ್ದೂ ನಿಂತಿತ್ತು.

"ತಣ್ಣಗಿದೆ" ಎಂದಳು. ಕಣ್ಣು ತೆರೆದು, "ಹೇಗಿತ್ತು ಅಂತಲೇ ಜ್ಞಾಪಕಕ್ಕೆ ಬರ್ತಿಲ್ಲ ರೀ. ಜ್ಞಾಪಕ ಮಾಡ್ಕೊಂಡು ಮೂಸು ಅಂದಿದ್ದಾಳೆ ಆ ಹುಡುಗಿ. ನೀವು ಮೂಸಿ ಹೇಳಿ" ಎಂದು ಹೂವನ್ನು ನನ್ನ ಕಡೆಗೆ ಚಾಚಿದಳು.

ಹೀಗೆ, ನನ್ನ ಗಿಡದ ಹೂವನ್ನು ಮೂಸುವ ಪ್ರಸಂಗ ನನಗೆ ಮೊದಲ ಬಾರಿ ಒದಗಿತು. ಪ್ರಸಾದವಾದ್ದರಿಂದ ಅಡ್ಡಿಯಿರಲಿಲ್ಲ, ಅಡ್ಡಿಯಿದ್ದದ್ದು ಮೈಗೆ. ಹೂವನ್ನು ಬೆರಳಲ್ಲಿ ಹಿಡಿದು ಮುಖದ ಹತ್ತಿರ ತಂದೊಡನೆ ಮುಖ ಎಡಕ್ಕೆ ತಿರುಗಿತು, ಉಸಿರು ತಾನೇ ನಿಂತಿತು. "ಉಸಿರು ಎಳೀರಿ" ಎಂದಳು ಪದ್ಮ. ಎಳೆದೆ. ಎಳೆದು, ನನ್ನ ಓದಿನ ಗೌರವಕ್ಕೆ ತಕ್ಕಂತೆ ವರ್ಣಿಸಿದೆ: "ಚಂದನದ ಛಾಯೆ ಇದೆ. ಮಲಯಮಾರುತದ ಶೈತ್ಯ. ಅದರ ಹಿಂದೆ ಏನೋ ಒಂದು ಗಾಂಭೀರ್ಯ."

"ಇರಬಹುದು" ಎಂದಳು.

ಅಂದಿನಿಂದ ಅದು ನಮ್ಮ ದಿನಚರಿಯಾಯಿತು. ದೇವಿ ಇಳಿಯುವಳು, ಹೂವು ಬಾಗುವುದು, ಪದ್ಮ ಮೂಸುವಳು, ನಾನು ಮೂಸಿ ವರ್ಣಿಸುವೆನು. ವಿಶೇಷಣಗಳು ದಿನಕ್ಕೊಂದು ಬದಲಾದರೂ ಚಂದನ ಮಾತ್ರ ನಿತ್ಯವಾಗಿತ್ತು. ಅವಳ ಉತ್ತರವೂ ನಿತ್ಯವಾಗಿತ್ತು. ಹೂವುಗಳು ಕಡಿಮೆಯಾಗುತ್ತ ಬಂದವು. ಎಸಳಿನ ಅಂಚು ಬಿಸಿಲಿಗೆ ಕಪ್ಪಾಗತೊಡಗಿತು. ಮಿನುದಿ ಈಗ ಏನನ್ನೂ ಕೇಳುತ್ತಿರಲಿಲ್ಲ; ಗೋಡೆಯ ಮೇಲಿಂದ ಬೌದಿಯ ಮುಖ ನೋಡಿ ಒಳಗೆ ಹೋಗುತ್ತಿದ್ದರು. ನನ್ನ ಧೈರ್ಯ ಕುಗ್ಗಲಿಲ್ಲ ಎಂದು ಬರೆಯಬಲ್ಲೆ. ತಾಯಿ ಮೂರು ಮೆಟ್ಟಿಲು ಇಳಿದು ಬಂದಿದ್ದಾಳೆ, ಬರಿಗೈಯಲ್ಲಿ ಏಕೆ ಹಿಂದಿರುಗಿಸುತ್ತಾಳೆ ಎಂದು ನಾನು ನಂಬಿದ್ದೆ. ಆದರೂ ಸ್ತೋತ್ರ ಹೇಳುವಾಗ ಮಾತ್ರ ದನಿ ಕೊಂಚ ಏರುತ್ತಿತ್ತು.

ಫಾಲ್ಗುಣದ ಒಂದು ಬೆಳಿಗ್ಗೆ ಗಿಡದಲ್ಲಿ ಉಳಿದಿದ್ದವು ಕೆಲವೇ ಹೂವುಗಳು. ಅವುಗಳಲ್ಲಿ ಗೋಡೆಯ ನೆರಳಿಗಿದ್ದ ಒಂದು ದಪ್ಪ ಹೂವನ್ನು ಆರಿಸಿ ಅರ್ಪಿಸಿದೆ, ಬಿಡಿಸಿದೆ, ಕೊಟ್ಟೆ. ಪದ್ಮ ಮೂಸಿದಳು. ಇನ್ನೊಮ್ಮೆ ಮೂಸಿದಳು. ನನಗೆ ಚಾಚಿದಳು. ನಾನು ಶ್ರದ್ಧೆಯಿಂದ ಮೂಸಿ ಆರಂಭಿಸಿದೆ: "ಇಂದು ಚಂದನವು ವಿಶೇಷವಾಗಿ..."

"ಯಾವ ಚಂದನ?" ಎಂದಳು.

ನಾನು ತಲೆಯೆತ್ತಿದೆ. ಅವಳು ಹೂವನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಮೂಗಿಗೆ ಹಿಡಿದಿದ್ದಳು. ಹುಬ್ಬು ಗಂಟಿಕ್ಕಿತ್ತು. ಆ ಗಂಟನ್ನು ನೋಡಿ ಎಷ್ಟು ತಿಂಗಳಾಗಿತ್ತು.

"ಇದರಲ್ಲಿ ಎಲ್ಲಿದೆ ರೀ ಚಂದನ? ಇದು ಲವಂಗದ ಹಾಗಿದೆ. ಲವಂಗ, ಆಮೇಲೆ ಕೊನೇಲಿ ಹಸಿ ನಿಂಬೆಸಿಪ್ಪೆ ಒಂಚೂರು." ಅವಳು ನನ್ನ ಬಲಗೈಯನ್ನು ಹಿಡಿದು ಮೂಗಿನ ಹತ್ತಿರ ತಂದುಕೊಂಡಳು. "ಚಂದನ ಇರೋದು ಇಲ್ಲಿ. ದಿನಾ ತೇದು ತೇದು ನಿಮ್ಮ ಬೆರಳೇ ಕೊರಡಾಗಿದೆ. ಇಷ್ಟು ದಿನ ನಿಮ್ಮ ಬೆರಳು ಮೂಸಿ ನನಗೆ ಹೂವಿನ ವಾಸನೆ ಹೇಳ್ತಿದ್ದಿರಾ? ನಿಮಗೆ ಮೂಗೇ ಇಲ್ಲ."

ಗೋಡೆಯಾಚೆ ಮಿನುದಿ, "ಕೀ ಹೋಲೋ ಬೌದಿ, ಏನಾಯಿತು?" ಎಂದು ಕೂಗಿದರು. ಪದ್ಮಳ ಮಾತು ಇನ್ನೂ ಮುಗಿದಿರಲಿಲ್ಲ. ನನ್ನ ತಾಯಿಯ ಮನೆಯವರಲ್ಲಿ ಯಾರಿಗೂ ಮೂಗು ಸರಿಯಿರಲಿಲ್ಲವೆಂದೂ, ಮದುವೆಯ ದಿನದ ಹಾರವನ್ನು ನಾನು ಆರಿಸಿದ ರೀತಿಯಲ್ಲೇ ಅದು ತಿಳಿದಿತ್ತೆಂದೂ ಕ್ರಮವಾಗಿ ಹೇಳುತ್ತ, ಹೇಳುತ್ತಲೇ ಹೂವನ್ನು ಮತ್ತೆ ಮತ್ತೆ ಮೂಸುತ್ತ, ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ನಾನು ತಟ್ಟೆಯಲ್ಲಿದ್ದ ತಾಯಿಯನ್ನು ಎದೆಗೆ ಹಿಡಿದುಕೊಂಡು, ಒಂದು ಮಾತಿಗೂ ಎದುರಾಡದೆ, ಅಷ್ಟನ್ನೂ ಕೇಳಿಸಿಕೊಂಡೆ.

ನೆಟ್ಟಗೆ ನಿಂತ ಗಿಡವನ್ನು ಬಾಗಿಸಿ, ಒಳಗಿದ್ದ ದೇವರನ್ನು ಹೊರಗೆ ಕರೆತಂದ ಮಿನುದಿಗೆ ದೀರ್ಘಾಯುಷ್ಯವಾಗಲಿ. ಆಸೆ ಹುಟ್ಟಿಸಿದರೂ ಸುಳ್ಳು ಭರವಸೆ ಕೊಡದ ಆ ವೈದ್ಯೆಯ ಕೈಗುಣ ಬೆಳೆಯಲಿ. ಜಗಳವಿಲ್ಲದ್ದನ್ನು ಕೇಳಿಯೇ ರೋಗವನ್ನು ಕಂಡುಹಿಡಿದ ಗೌರಿ ಸುಖವಾಗಿರಲಿ. ನಮ್ಮ ಗೇಟಿನ ಮುಂದೆ ಒಂದು ಕೂಗನ್ನು ದೇವಿಗೆ ಬಿಟ್ಟುಕೊಟ್ಟ ಮೀನಿನವನ ಬುಟ್ಟಿ ಪ್ರತಿದಿನ ಮಧ್ಯಾಹ್ನದೊಳಗೆ ಬರಿದಾಗಲಿ. ನನ್ನ ಮೂಗಿನ ವಿಷಯದಲ್ಲಿ ಪದ್ಮಾವತಿಯ ಅಭಿಪ್ರಾಯವು ನೂರು ಚಳಿಗಾಲ ಬದಲಾಗದಿರಲಿ.